ಸೀಮೆಸುಣ್ಣದ ಗೆರೆಯ ಆಚೆ

ಜನವರಿ 8, ಬುಧವಾರ

ಮೊನ್ನೆ ಸಂಜೆ ಕಡ್ಡಿರಾಂಪುರದಲ್ಲಿ ಜಂಬುನಾಥನ ಮಗ ಪಂಪಾಪತಿ ನಮ್ಮ ಮಾವ ಮೂಕಣ್ಣನ ಬಲಗೈ ಮುರಿದ. ಒಂದು ಹಾಡು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ ಎಂಬುದೇ ಕಾರಣ.

ಹೀಗೆಯೇ ಬರೆದಿಡುತ್ತೇನೆ. ‘ಗಲಾಟೆಯಾಯಿತು’, ‘ಕೈಗೆ ಪೆಟ್ಟಾಯಿತು’ ಎಂದು ಬರೆಯುವವರು ಬೇರೆ ಇದ್ದಾರೆ. ಪೆಟ್ಟು ತಾನಾಗಿ ಆಗುವುದಿಲ್ಲ. ಹೊಡೆದವನೊಬ್ಬ ಇರುತ್ತಾನೆ, ಅವನಿಗೊಂದು ಹೆಸರಿರುತ್ತದೆ.

ಜಂಬುನಾಥನದು ಬಾಳೆತೋಟದ ನಡುವಿನ ಹೋಂಸ್ಟೇ. ಮಾವ ಅಲ್ಲಿ ತೋಟಕ್ಕೆ ನೀರು ಬಿಡುತ್ತಾನೆ, ಕಸ ಹೊಡೆಯುತ್ತಾನೆ, ಹಂಪಿ ಸುತ್ತಿ ದಣಿದು ಬಂದ ಪ್ರವಾಸಿಗರ ಮುಂದೆ ಸಂಜೆ ಹಳೆಯ ಗ್ರಾಮಫೋನಿಗೆ ಕೀ ಕೊಡುತ್ತಾನೆ. ಅದಕ್ಕೆ ಇರುವುದು ಒಂದೇ ಪ್ಲೇಟು, ಒಂದೇ ಹಾಡು. ‘ನಮ್ಮ ಅಜ್ಜಿ ಹಾಡಿದ್ದು’ ಎಂದು ಜಂಬುನಾಥ ಕೈಮುಗಿದು ಹೇಳುತ್ತಾನೆ. ಹಾಡು ಮುಗಿದ ಕ್ಷಣ ಯಂತ್ರ ತಾನೇ ನಿಲ್ಲುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಮೊನ್ನೆ ನಿಲ್ಲಲಿಲ್ಲ. ಪಂಪಾಪತಿ ಮಾವನನ್ನು ಜನರೇಟರ್ ಶೆಡ್ಡಿನ ಹಿಂದಕ್ಕೆ ಎಳೆದೊಯ್ದು, ಒರಳುಕಲ್ಲಿನ ಮೇಲೆ ಅವನ ಕೈ ಒತ್ತಿ ಹಿಡಿದು, ಹಾರೆಯಿಂದ ಎರಡು ಸಲ ಹೊಡೆದ. ಮೊದಲನೆಯದಕ್ಕೇ ಮೂಳೆ ಹೋಗಿತ್ತು ಎಂದು ಅಡುಗೆಯವಳು ಹೇಳಿದಳು. ಎರಡನೆಯದು ಯಾತಕ್ಕೆ?

ಆಸ್ಪತ್ರೆಯ ಮಂಚದ ಮೇಲೆ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

“ಹಾಡು ನಿಲ್ಲಲಿಲ್ಲಲೇ ಹುಲುಗ್ಯಾ. ಅದಕ್ಕ,” ಅಂದ.

“ಅದಕ್ಕ ಕೈ ಮುರೀತಾರೇನು?”

“ಸಾಕು ಬಿಡು. ಅಂಗಡಿಗೆ ಹೋಗು. ಯಾರದೋ ಮಿಕ್ಸಿ ಇವತ್ತು ಕೊಡ್ತೀನಿ ಅಂದಿದ್ದೆಲ್ಲ?”

ಅವ್ವ ಸತ್ತ ಮೇಲೆ ನನ್ನನ್ನು ಎತ್ತಿ ಬೆಳೆಸಿದ ಕೈ ಅದು. ಈಗ ಮೊಣಕೈಯಿಂದ ಬೆರಳ ತನಕ ಬಿಳಿ ಗಾರೆ. ನಮ್ಮ ಓದುಗುಂಪಿನ ಅಂಜಲಿ, ಹೊಸಪೇಟೆ ಕೋರ್ಟಿನಲ್ಲಿ ಜೂನಿಯರ್ ವಕೀಲೆ, ದೂರು ಬರೆದು ತಂದಿದ್ದಳು. ಮಾವ ಕಣ್ಣು ತೆರೆಯದೆ “ಬ್ಯಾಡ” ಅಂದ.

ಸರಿ. ಕಾನೂನು ಅವನಿಗೆ ಬೇಡವಾದರೆ ಬೇಡ. ಪಂಪಾಪತಿಯ ಬಲಗೈ ನನ್ನದು. ಅದೇ ಜಾಗ. ಎರಡೇ ಪೆಟ್ಟು.

ಜನವರಿ 9, ಗುರುವಾರ

ಸಭೆಗಳಲ್ಲಿ ಕೊಂಡ ಪುಸ್ತಿಕೆಗಳನ್ನೆಲ್ಲ ಹರಡಿಕೊಂಡು ಓದಿದೆ. ನಾನು ಓದಿದ್ದು ಇವನ್ನೇ, ಕಾಲೇಜಿನಲ್ಲಲ್ಲ. ‘ಬಾಗಿದ ತಲೆ ಒಂದು ಅಭ್ಯಾಸ, ಹುಟ್ಟು ಅಲ್ಲ’ ಎಂಬ ಸಾಲಿನ ಕೆಳಗೆ ಹಿಂದೆಯೇ ಗೆರೆ ಎಳೆದಿದ್ದೆ. ಇವತ್ತು ಮತ್ತೆ ಎಳೆದೆ, ಕಾಗದ ಹರಿಯಿತು.

ಕಬ್ಬಿಣದ ಸರಳೊಂದನ್ನು ಮೊಳದುದ್ದಕ್ಕೆ ಕೊಯ್ದು, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದೆ. ಬುದ್ಧನ ಫೋಟೋ ಇರುವ ಗೂಡಿನ ಕೆಳಗೆ ಇಟ್ಟೆ. ಎರ್ರೆಮ್ಮಜ್ಜಿ, ಮಾವನ ತಾಯಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಬುದ್ಧಪ್ಪನ ಬುಡಕ್ಕ ಇಟ್ಟೀಯಲ್ಲೋ. ಆತ ಕಣ್ಣು ಮುಚ್ಯಾನ, ಕಾಣಂಗಿಲ್ಲ ಅಂತ ಮಾಡೀಯೇನು?”

ಬೌದ್ಧ ದೀಕ್ಷೆ ತೆಗೆದುಕೊಂಡವನು ನಾನು. ಜೀವಹಿಂಸೆ ಮಾಡಬಾರದೆಂಬ ಮೊದಲನೆಯ ಶೀಲ ನನಗೆ ಬಾಯಿಪಾಠ. ಆದರೆ ಒರಳುಕಲ್ಲಿನ ಒಂದೇ ಬದಿಯವರು ಪಾಲಿಸುವ ಶೀಲ ಯಾವ ಶೀಲ?

ಜನವರಿ 11, ಶನಿವಾರ

ಅವರಿಗೆ ನಾಚಿಕೆಯೆಂಬುದು ಇಲ್ಲ. ಇದ್ದಿದ್ದರೆ ಜಂಬುನಾಥ ಇವತ್ತು ಕಾರಿನಲ್ಲಿ ನಮ್ಮ ಮನೆಗೆ ಬರುತ್ತಿರಲಿಲ್ಲ. ಒಂದು ಗೊನೆ ಬಾಳೆಹಣ್ಣು, ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಗ್ರಾಮಫೋನು.

“ಸಿಟ್ಟಿನಾಗ ಏನೋ ಆಗೋತು, ಹುಡುಗ. ಮೂಕಣ್ಣ ನಮ್ಮ ಮನಿ ಮನಷ್ಯಾ ಇದ್ದಂಗ.”

“ಮನಿ ಮನಷ್ಯಾನ ಕೈ ಹಾರೀಲೆ ಮುರೀತೀರೇನ್ರಿ?”

ಅವನು ಕೇಳಿಸಿಕೊಳ್ಳದವನಂತೆ ಕಂಬಳಿ ಸರಿಸಿದ. “ಇದರ ಆಟೋ ಸ್ಟಾಪ್ ಕೆಟ್ಟೈತಿ. ನಿನ್ನ ಕೈ ಭಾಳ ಚಲೋ ಅಂತ ಮೂಕಣ್ಣನೇ ಹೇಳ್ತಿದ್ದ. ಇಪ್ಪತ್ತೈದಕ್ಕ ದೊಡ್ಡ ಪಾರ್ಟಿ ಬರೋದೈತಿ. ಅಷ್ಟರಾಗ ಸರಿ ಮಾಡು. ಮೂಕಣ್ಣನ ಕೆಲಸಕ್ಕೇನೂ ಧಕ್ಕೆ ಇಲ್ಲ.”

ಮುರಿದ ಕೈಯನ್ನೇ ಸಾಕ್ಷಿಗೆ ಕರೆದು ನನ್ನ ಕೈಯನ್ನು ಹೊಗಳುವ ಮನುಷ್ಯ. ಆ ಬಿಳಿ ಅಂಗಿಯ ಕುತ್ತಿಗೆ ಹಿಡಿದು ಹಾರ್ನಿನೊಳಗೆ ಅವನ ತಲೆ ತುರುಕಬೇಕೆನ್ನಿಸಿತು. ಆದರೆ ಯೋಚಿಸಿದೆ: ಯಂತ್ರ ನನ್ನ ಅಂಗಡಿಯಲ್ಲಿದ್ದರೆ ಅದನ್ನು ಒಯ್ಯಲು ಯಾರಾದರೂ ಬರಲೇಬೇಕು. ಈ ಮುದುಕ ಹೊರುವವನಲ್ಲ. ಮಗನೇ ಬರಬೇಕು.

“ಬಿಟ್ಟು ಹೋಗ್ರಿ,” ಅಂದೆ.

ಅವನು ಹೋದ ಮೇಲೆ ಅಜ್ಜಿ ಹಾರ್ನಿನ ಹಿತ್ತಾಳೆಯ ಅಂಚನ್ನು ಸೆರಗಿನಿಂದ ಒರೆಸಿದಳು. “ನಮ್ಮವ್ವನೂ ಇಂಥಾ ಪೆಟಿಗಿ ಮುಂದ ಹಾಡಿ ಬಂದಿದ್ಲು. ರೈಲಿನಾಗ ಕರಕೊಂಡು ಹೋಗಿದ್ರಂತ.”

ಈ ಕಥೆ ಕೇಳಿಯೇ ಬೆಳೆದಿದ್ದೇನೆ. ಕಂಪ್ಲಿ ಹೊಳೀ ಕೇರಿಯ ಉಚ್ಚೆಂಗಮ್ಮ, ಸಾಹುಕಾರರ ಮದುವೆಗಳಲ್ಲಿ ಅಂಗಳದ ಹೊರಗೆ ನಿಂತು ಹಾಡಿದವಳು, ಅಜ್ಜಿ ಚಿಕ್ಕವಳಿದ್ದಾಗಲೇ ಸತ್ತವಳು. ರೈಲಿನ ಭಾಗವನ್ನು ನಾನು ನಂಬಿಲ್ಲ. ಏನೂ ಇಲ್ಲದವರು ಹೇಳಿಕೊಳ್ಳುವ ಕಥೆಗಳು ಇವು. ಕಥೆ ಸಾಕು, ಹಕ್ಕು ಬೇಕು.

“ಆಕಿ ಹಾಡು ನೆನಪೈತೇನಜ್ಜಿ?” ಎಂದು ಕೇಳಿದ್ದು ಸುಮ್ಮನೆ.

“ಮುಖ ನೆನಪೈತಿ. ದನಿ ನೆನಪಿಲ್ಲ,” ಅಂದಳು. “ಒಮ್ಮೆ ಕೇಳಿದ್ರ ಸಾಕಾಗಿತ್ತು.”

ಜನವರಿ 13, ಸೋಮವಾರ

ಯಂತ್ರ ಬಿಚ್ಚಿದೆ. ಶತ್ರುವಿನ ಆಯುಧವನ್ನು ಮೊದಲು ಅರಿಯಬೇಕು.

ಕೆಳಗೆ ಸ್ಪ್ರಿಂಗ್ ಮೋಟಾರು, ಮೇಲೆ ತಟ್ಟೆ. ತಟ್ಟೆಯ ಅಂಚಿಗೆ ಚರ್ಮದ ತುಂಡು ಕಚ್ಚಿದರೆ ಅದೇ ಬ್ರೇಕ್. ಆಟೋ ಸ್ಟಾಪ್ ಎಂದರೆ ಆ ಬ್ರೇಕನ್ನು ತಾನಾಗಿ ಎಳೆಯುವ ಒಂದು ಸಣ್ಣ ಲಿವರ್, ಆಮೇಲೆ ಯಾರೋ ಕೊಂಡು ತಂದು ಜೋಡಿಸಿದ್ದು. ಸೂಜಿಯ ತೋಳು ಪ್ಲೇಟಿನ ಹೊರಗಿನಿಂದ ಒಳಕ್ಕೆ ಸರಿಯುತ್ತ ಬಂದು ಕೊನೆಯಲ್ಲಿ ಈ ಲಿವರಿಗೆ ತಾಗುತ್ತದೆ. ಲಿವರ್ ಜಾರಿ ಕೊಕ್ಕೆ ಬಿಡುತ್ತದೆ. ಬ್ರೇಕ್ ಕಚ್ಚುತ್ತದೆ. ಎಷ್ಟು ಒಳಗೆ ಬಂದಾಗ ತಾಗಬೇಕೆಂಬುದನ್ನು ಒಂದು ತಿರುಪಿನಿಂದ ಹೊಂದಿಸಬಹುದು.

ಕೈಯಿಂದ ತೋಳು ಸರಿಸಿ ನೋಡಿದೆ. ಟಕ್ ಎಂದು ಕೊಕ್ಕೆ ಬಿಟ್ಟಿತು, ಬ್ರೇಕ್ ಕಚ್ಚಿತು. ಮತ್ತೆ ಮಾಡಿದೆ. ಮತ್ತೆ ಟಕ್.

ಕೆಟ್ಟಿಲ್ಲವಲ್ಲ! ಹಾಗಾದರೆ ಮಾವನ ಕೈ ಮುರಿದದ್ದು ಯಾತಕ್ಕೆ?

ಜನವರಿ 14, ಮಂಗಳವಾರ

ಸಂಕ್ರಾಂತಿ. ಜನ ಹೊಳೆಗೆ ಹೊರಟಿದ್ದರು. ನಾನೂ ಸರಳನ್ನು ಚೀಲದಲ್ಲಿಟ್ಟುಕೊಂಡು ಹೋದೆ.

ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಪಂಪಾಪತಿ ಕಂಡ. ಬೆನ್ನು ನನ್ನ ಕಡೆಗಿತ್ತು. ಹತ್ತಿರ ಹೋದೆ. ಅವನ ಹೆಗಲ ಮೇಲೆ ಪುಟ್ಟ ಹುಡುಗಿ ಕೂತು ಕಬ್ಬು ಜಗಿಯುತ್ತಿದ್ದಳು. ಬಲಗೈಯಿಂದ ಅವಳ ಕಾಲು ಹಿಡಿದುಕೊಂಡಿದ್ದ. ಅದೇ ಕೈ. ಹುಡುಗಿ ನನ್ನನ್ನು ನೋಡಿ ಕಬ್ಬಿನ ಸಿಪ್ಪೆ ಉಗಿದು ನಕ್ಕಳು.

ಮಗು ಇಲ್ಲದಾಗ ನೋಡುತ್ತೇನೆ. ಇದು ಮೆತ್ತಗಾಗುವುದಲ್ಲ, ತಂತ್ರ.

ಜನವರಿ 16, ಗುರುವಾರ

ಸಂಡೂರಿಗೆ ಹೋಗಿದ್ದೆ. ಬಸ್ಸಿನ ಕಿಟಕಿ, ಸೀಟು, ನನ್ನ ನಾಲಿಗೆ, ಎಲ್ಲದರ ಮೇಲೂ ಅದಿರಿನ ಕೆಂಪು. ಇಡೀ ಬೆಟ್ಟವನ್ನು ಲಾರಿಯಲ್ಲಿ ತುಂಬಿ ಒಯ್ದವರ ಮೇಲೆ ಯಾರೂ ಹಾರೆ ಎತ್ತಲಿಲ್ಲ. ಒಂದು ಹಾಡು ನಿಲ್ಲದೆ ಸ್ವಲ್ಪ ಮುಂದೆ ಹೋಗಿದ್ದಕ್ಕೆ ಎತ್ತಿದರು.

ಗಣಿ ಲಾರಿಗಳ ಗುಜರಿ ಇಟ್ಟಿರುವ ಉಚ್ಚೆಂಗಪ್ಪನ ಹತ್ತಿರ ಹಳೆಯ ಪ್ಲೇಟುಗಳಿವೆ ಎಂದು ಕೇಳಿದ್ದೆ. ಪರೀಕ್ಷೆಗೆ ಒಂದು ಬೇಕಿತ್ತು. ದೊಡ್ಡ ಹೊಟ್ಟೆ, ಬಾಯಿ ತುಂಬ ಎಲೆಅಡಿಕೆ, ಎದುರಿದ್ದವನಿಗೆ ಏನೂ ಗೊತ್ತಿಲ್ಲವೆಂಬ ನಂಬಿಕೆ.

“ಆಟೋ ಸ್ಟಾಪ್? ಚರ್ಮ ಹೋಗಿರ್ತೈತಿ. ಬರಕೋ, ಉಚ್ಚೆಂಗಪ್ಪ ಹೇಳ್ಯಾನ ಅಂತ.”

“ಚರ್ಮ ಚಲೋ ಐತ್ರಿ.”

“ಹಂಗಾದ್ರ ಸ್ಪ್ರಿಂಗು.”

“ಅದೂ ಚಲೋ ಐತ್ರಿ.”

“ಹಂಗಾದ್ರ ನಿನ್ನ ತಲಿ ಕೆಟ್ಟೈತಿ!” ಎಂದು ತಾನೇ ನಕ್ಕು ಕೆಮ್ಮಿದ.

ತನ್ನ ಪೆಟ್ಟಿಗೆಯಲ್ಲಿ ಒಂದು ಪ್ಲೇಟು ಹಾಕಿ ತೋರಿಸಿದ. ಯಾರೋ ಹೆಂಗಸು, ಯಾವುದೋ ನಾಟಕದ ಪದ. ಹಾಡು ಮುಗಿಯಿತು ಎಂದುಕೊಂಡು ನಾನು ತೋಳು ಎತ್ತಲು ಹೋದೆ. ಅವನು ನನ್ನ ಕೈಗೆ ಪಟ್ಟನೆ ಹೊಡೆದ. “ತಡಿಯಲೇ! ಆಕಿ ಹೆಸರು ಹೇಳಬೇಕಲ್ಲ.”

ಗರಗರದ ನಡುವೆ ಆ ಹೆಂಗಸು ತನ್ನ ಹೆಸರು ಹೇಳಿದಳು, ಗಂಟಲು ಸರಿ ಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಕೊಟ್ಟ ಹಾಗೆ.

“ಹಿಂದಕ ಹಂಗಿತ್ತು. ಹಾಡೋದು ಎಲ್ಲೋ, ಪ್ಲೇಟ್ ಮಾಡೋದು ಎಲ್ಲೋ. ಯಾರ ಹಾಡು ಯಾರದು ಅಂತ ಅದಲುಬದಲು ಆಗಬಾರ್ದು ನೋಡು, ಅದಕ್ಕ ಕಡೀಗೆ ತಮ್ಮ ಹೆಸರು ತಾವೇ ಹೇಳೋರು. ಆಮ್ಯಾಲ ನಿಂತೋತು. ನಮ್ಮ ಕಡೆಯೋರು ಭಾಳ ದಿನ ಬಿಡಲಿಲ್ಲ.”

ಪ್ಲೇಟು ಎರವಲು ಕೊಟ್ಟ. ಒಡೆದರೆ ನನ್ನ ಕಾಲು ಮುರಿಯುತ್ತಾನಂತೆ. ಈ ಜಿಲ್ಲೆಯಲ್ಲಿ ಎಲ್ಲರಿಗೂ ಏನಾದರೂ ಮುರಿಯುವ ಆಸೆ.

ಜನವರಿ 17, ಶುಕ್ರವಾರ

ಸಿಕ್ಕಿತು.

ಉಚ್ಚೆಂಗಪ್ಪನ ಪ್ಲೇಟಿಗೆ ಆಟೋ ಸ್ಟಾಪ್ ಸರಿಯಾಗಿ ಕೆಲಸ ಮಾಡಿತು, ಹೆಸರು ಹೇಳಿದ ನಂತರ, ತೀರಾ ಒಳಗಿನ ಗೆರೆಯಲ್ಲಿ. ಲಿವರನ್ನು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಜಿಡ್ಡು ಹೋದಾಗ ಕೆಳಗೊಂದು ತೂತು ಕಂಡಿತು. ಅದು ಕಂಪನಿಯ ತೂತಲ್ಲ. ಓರೆಯಾಗಿ ಕೊರೆದದ್ದು, ಬಾಯಿ ತರಿತರಿ. ಒಳಗೆ ತುಂಡಾದ ಹಿತ್ತಾಳೆಯ ಮೊಳೆಯ ಬುಡ ಉಳಿದಿತ್ತು. ಆ ಮೊಳೆ ಇದ್ದರೆ ತಿರುಪನ್ನು ಎಷ್ಟು ತಿರುಗಿಸಿದರೂ ಲಿವರ್ ಹಿಂದೆ ಸರಿಯಲಾರದು. ಸೂಜಿ ಕೊನೆ ಮುಟ್ಟುವುದಕ್ಕೆ ಒಂದು ಬೆರಳಗಲ ಮೊದಲೇ ಬ್ರೇಕ್ ಕಚ್ಚುತ್ತದೆ. ಪ್ರತಿ ಸಲ.

ಮಾವನ ಕೈ ಮುರಿದ ಆ ಸೋಮವಾರ ಮೊಳೆ ಸವೆದು ತುಂಡಾಯಿತು. ಯಂತ್ರ ಕೆಡಲಿಲ್ಲ. ಕೆಡಿಸಿಟ್ಟದ್ದು ಮುರಿದು ಯಂತ್ರ ಸರಿಯಾಯಿತು. ಜಂಬುನಾಥ ನನ್ನಿಂದ ಕೇಳುತ್ತಿರುವುದು ರಿಪೇರಿಯಲ್ಲ, ಯಾರದೋ ಬಾಯಿಗೆ ಮತ್ತೆ ಬಟ್ಟೆ ತುರುಕಿ ಕೊಡು ಎನ್ನುತ್ತಿದ್ದಾನೆ. ಆ ಒಂದು ಬೆರಳಿನಲ್ಲಿ ಒಂದು ಹೆಸರಿದೆ. ಅದು ಅವನ ಅಜ್ಜಿಯದಲ್ಲ.

ಅವನಿಗೆ ಫೋನ್ ಮಾಡಿದೆ. “ಪ್ಲೇಟ್ ಇಲ್ಲದೆ ಅಳತಿ ಸಿಗಂಗಿಲ್ರಿ. ಕಳಸ್ರಿ.”

ಜಂಬುನಾಥ ಅಂದ: “ಪಂಪಾಪತಿ ಕೈಯಾಗ ಕಳಸ್ತೀನಿ. ಅವನ ಮುಂದನೇ ಅಳತಿ ಮಾಡಬೇಕು.”

ಎರಡು ಹಕ್ಕಿ, ಒಂದೇ ಬಲೆ.

ಜನವರಿ 19, ಭಾನುವಾರ

ಮಾವ ಆಸ್ಪತ್ರೆಯಿಂದ ಮನೆಗೆ ಬಂದ. ಅಂಜಲಿಯೂ ಇದ್ದಳು. ಅವಳ ಮುಂದೆಯೇ ಕೇಳಿದೆ: “ಮಾವ, ಆ ಪ್ಲೇಟಿನ ಕಡೀಗೆ ಯಾರ ಹೆಸರೈತಿ?”

ಅವನ ಮುಖದ ರಕ್ತ ಇಳಿಯಿತು. “ಯಾವ ಹೆಸರು?”

“ನೀ ಕೇಳೀದಿ. ಅದಕ್ಕ ಅವ ನಿನ್ನ ಕೈ ಮುರದ. ಹೇಳು.”

“ಮೊದಲ ಆ ಗೂಡಿನ ಕೆಳಗ ಏನೈತಿ ಹೇಳು.”

ಎದ್ದು ಹೋಗಿ, ಎಡಗೈಯಿಂದ ಸರಳು ಎಳೆದು, ಅಂಗಳಕ್ಕೆ ಬಂದು ಚರಂಡಿಗೆ ಎಸೆದ. ನಾನು ತಡೆಯಲು ಹೋದೆ. ಅದೇ ಎಡಗೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಎಂದಿತು.

“ಕೈ ನಂದು! ನೋವು ನಂದು! ನಡುವ ನೀ ಯಾವನಲೇ ತೀರಿಸಾಕ? ಪುಸ್ತಕ ಓದಿ ಓದಿ ನಮ್ಮನ್ನೇನು ಹೆಣ ಅಂತ ಮಾಡೀಯಾ, ನೀನೇ ಹೊರಾಕ?”

ಅಂಜಲಿ ನನ್ನನ್ನು ಬೀದಿಗೆ ಕರೆದೊಯ್ದಳು. “ನೀ ಅವನ ಕೈ ಮುರದಿ ಅಂದ್ರ ಮೂಕಣ್ಣನ ಕೇಸು ಸತ್ತಂಗ. ಇಬ್ಬರೂ ಕುಡದು ಬಡದಾಡಿದ್ರು ಅಂತ ಪೊಲೀಸರು ಬರ್ಕೋತಾರ. ನಿನ್ನ ಕ್ರಾಂತಿ ಒಂದು ಸಾಲಿನ್ಯಾಗ ಮುಗೀತೈತಿ.”

“ನಿನಗ ಕಾಗದ ಬೇಕು. ನನಗ ನ್ಯಾಯ ಬೇಕು.”

“ನಿನಗ ಮೂಳಿ ಮುರಿಯೋ ಸಪ್ಪಳ ಬೇಕು,” ಅಂದು ಸ್ಕೂಟಿ ಹತ್ತಿದಳು.

ಎಲ್ಲರೂ ಮೆತ್ತಗಾಗಿದ್ದಾರೆ. ನಾನೊಬ್ಬನೇ ಉಳಿದಿದ್ದೇನೆ. ಸರಳು ಹೋದರೇನು, ಕೀ ಕೊಡುವ ಹ್ಯಾಂಡಲ್ ಇದೆ. ಗಟ್ಟಿ ಉಕ್ಕು. ಅಂಗಡಿಯಲ್ಲಿ ಹಿಡಿ ತಿರುಗಿಸಿದಂತೆಲ್ಲ ಬಿಗಿಯಾಗಿ ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ ಇದೆ.

ಜನವರಿ 21, ಮಂಗಳವಾರ

ತುಟಿ ಊದಿದೆ, ಒಂದು ಹಲ್ಲು ಅಲುಗಾಡುತ್ತಿದೆ. ಆದರೂ ಆದದ್ದನ್ನು ಆದ ಹಾಗೆ ಬರೆಯಬೇಕು.

ಪಂಪಾಪತಿ ಮಧ್ಯಾಹ್ನ ಬಂದ, ಒಬ್ಬನೇ. ಪ್ಲೇಟನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿದ್ದ. ನಡುವಿನ ಹೆಸರಿನ ಚೀಟಿಯನ್ನು ಯಾವ ಕಾಲದಲ್ಲೋ ಕೆರೆದು ತೆಗೆದಿದ್ದರು. ಕೊನೆಗೆ ಒಂದು ಬೆರಳು ಉಳಿದಿರುವಲ್ಲಿ ಸೀಮೆಸುಣ್ಣದ ಗೆರೆ.

“ಗೆರಿ ಕಾಣ್ತೈತಿಲ್ಲ? ಅಲ್ಲಿಗೆ ಖಡಕ್ ನಿಲ್ಲಬೇಕು. ಅದರ ಮುಂದ ಬರೇ ಗರಗರ.”

“ಬರೇ ಗರಗರಕ್ಕ ಇಷ್ಟ್ಯಾಕ ಅಂಜಿಕಿ?”

“ಏನಂದಿ?”

“ಅಳತಿ ನೋಡ್ತೀನಿ ಅಂದೆ.”

ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. “ನಿಮ್ಮ ಮಾವ ಆರಾಮ ಅದಾನಿಲ್ಲ?” ಎಂದು ಫೋನ್ ನೋಡುತ್ತ ಕೇಳಿದ. ಬಲಗೈ ತೊಡೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ನಾನು ಕೀ ಕೊಟ್ಟು ಹ್ಯಾಂಡಲನ್ನು ಹೊರಗೆಳೆದು ಕೈಯಲ್ಲೇ ಇಟ್ಟುಕೊಂಡೆ. ಸೂಜಿ ಇಳಿಸಿದೆ.

ಹಾಡು ಶುರುವಾಯಿತು. ಹರಿಗೋಲಿನ ಪದ. ‘ತಿರುಗತಾವ ತಾಯಿ ಹರಿಗೋಲು, ದಂಡಿ ಕಾಣವಲ್ಲದು.’ ದ್ವೇಷಿಸಲು ತಯಾರಾಗಿದ್ದೆ. ಆದರೆ ಆ ದನಿ ಒರಟು, ನಮ್ಮ ಕೇರಿಯ ಹೆಂಗಸರು ಹೊಳೆಯ ಆಚೆ ದಡದವರನ್ನು ಕೂಗಿ ಕರೆಯುವ ದನಿ. ಇದು ಪರದೆಯ ಹಿಂದೆ ಕೂತು ಹಾಡಿದ ಸಾಹುಕಾರ್ತಿಯ ಗಂಟಲಲ್ಲ. ಬಿಸಿಲಲ್ಲಿ ನಿಂತ ಗಂಟಲು. ಕೈಯಲ್ಲಿ ಹ್ಯಾಂಡಲ್ ಇದೆ ಎಂಬುದು ಸ್ವಲ್ಪ ಹೊತ್ತು ಮರೆತಿತ್ತು.

ಸೂಜಿ ಗೆರೆ ಮುಟ್ಟಿತು. ಗೆರೆ ದಾಟಿತು.

“ಏಯ್! ನಿಲ್ಲಲಿಲ್ಲ!” ಪಂಪಾಪತಿ ಎದ್ದ.

ಗರಗರ. ಆಮೇಲೆ ಪಕ್ಕದಲ್ಲಿ ಯಾರೋ ಅವಸರ ಮಾಡಿದ ಹಾಗೆ, ನಗು ತಡೆದುಕೊಂಡು, ಆ ಹೆಂಗಸು ಹೇಳಿದಳು: “ನಾನು ಕಂಪ್ಲಿ ಉಚ್ಚೆಂಗಮ್ಮ. ಹೊಳೀ ಕೇರಿಯಾಕಿ.”

ಟಕ್. ಬ್ರೇಕ್ ಕಚ್ಚಿತು. ತಟ್ಟೆ ನಿಂತಿತು.

ನಾನು ಏನೂ ಯೋಚಿಸುವ ಮೊದಲೇ ಅವನ ಮುಷ್ಟಿ ನನ್ನ ಬಾಯಿಗೆ ಬಿತ್ತು. ರಕ್ತದ ರುಚಿ. “ಕೇರಿ ಸೂಳೇಮಕ್ಕಳಾ, ಮಾವನ ಕೈ ಸಾಲಲಿಲ್ಲೇನು ನಿಮಗ?” ಹ್ಯಾಂಡಲಿನಿಂದ ಅವನ ಹೆಗಲಿಗೆ ಹೊಡೆದೆ. ಇನ್ನೊಂದು ಹೊಡೆದೆ, ಕಿವಿಯ ಹಿಂದೆ ಸೀಳಿತು. ಫ್ಯಾನಿನ ರೆಕ್ಕೆಗಳು, ಮಿಕ್ಸಿ ಜಾರುಗಳು ನಮ್ಮ ಮೇಲೆಯೇ ಉರುಳಿದವು. ಅವನು ಬಗ್ಗಿದಾಗ ಬಲಗೈ ಹಿಡಿದು ತಿರುಚಿ ವೈಸಿನ ಬಾಯಿಗೆ ಇಟ್ಟೆ. ಸುತ್ತಿದೆ. ಮಣಿಕಟ್ಟು ಸಿಕ್ಕಿಬಿತ್ತು. ಇನ್ನೊಂದು ಸುತ್ತು. ಅವನು ಮೇಕೆಯ ಹಾಗೆ ಕಿರುಚಿದ. ಇನ್ನು ಅರ್ಧ ಸುತ್ತು ಸಾಕಿತ್ತು. ಒಳಗೆ ಏನೋ ಕರಕರ ಎನ್ನುವುದು ವೈಸಿನ ಹಿಡಿಯ ಮೂಲಕ ನನ್ನ ಅಂಗೈಗೆ ತಿಳಿಯುತ್ತಿತ್ತು.

ಆಗ ಅವನು ಎಡಗೈ ಚಾಚಿ ಪ್ಲೇಟನ್ನು ತಟ್ಟೆಯಿಂದ ಗುಡಿಸಿ ಎಸೆದ.

ನಾನು ವೈಸ್ ಬಿಟ್ಟೆ. ಎರಡೂ ಕೈ ಚಾಚಿ ಹಾರಿದೆ. ಬೆರಳಿಗೆ ತಾಗಿ ಜಾರಿತು. ಬೆಂಚಿನ ಕಬ್ಬಿಣದ ಮೂಲೆಗೆ ಬಡಿದು ಟಪ್ ಎಂದಿತು, ಮಡಕೆ ಒಡೆದ ಹಾಗೆ. ಉಳಿದದ್ದನ್ನು ಎದೆಗೆ ಒತ್ತಿಕೊಂಡು ನೆಲಕ್ಕೆ ಬಿದ್ದೆ.

ಅವನು ವೈಸ್ ಸಡಿಲಿಸಿ ಕೈ ಕಿತ್ತುಕೊಂಡ, ಚರ್ಮ ಅಲ್ಲೇ ಉಳಿಯಿತು. ಬಾಗಿಲಿನಿಂದ ಕೂಗಿದ: “ಹೋತಲ್ಲ! ಈಗ ಯಾರ ಹೆಸರು ಕೇಳಿಸ್ತೀ ಕೇಳಿಸು!”

ಜನವರಿ 22, ಬುಧವಾರ

ಕೈಗೆ ಸಿಕ್ಕಿತ್ತು. ಅರ್ಧ ಸುತ್ತು. ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ. ಹೇಡಿ ಎಂದು ಬರೆಯುತ್ತೇನೆ, ಬೇರೆ ಪದ ಸಿಗುವ ತನಕ.

ಪ್ಲೇಟಿನ ಒಂದು ಬದಿ ಬಾಯಿಂದ ಕಚ್ಚಿ ತೆಗೆದ ರೊಟ್ಟಿಯ ಹಾಗಿದೆ. ಹೊರಗಿನ ಗೆರೆಗಳೆಲ್ಲ ಹೋದವು. ಸೀಳು ಎಲ್ಲಿಯ ತನಕ ಹೋಗಿದೆಯೆಂದು ಭೂತಗನ್ನಡಿಯಲ್ಲಿ ನೋಡಿದೆ. ಸೀಮೆಸುಣ್ಣದ ಗೆರೆಯ ಸ್ವಲ್ಪ ಹೊರಗೇ ನಿಂತಿದೆ.

ಜನವರಿ 23, ಗುರುವಾರ

ಯಂತ್ರವನ್ನು ಮನೆಗೆ ತಂದೆ. ಮೊಳೆಯ ಬುಡವನ್ನೂ ಕೊರೆದು ತೆಗೆದಿದ್ದೇನೆ. ಬ್ರೇಕಿನ ಚರ್ಮಕ್ಕೆ ಒಂದು ಹನಿ ಎಣ್ಣೆಯೂ ತಾಗದಂತೆ ಒರೆಸಿ, ಲಿವರಿನ ಸ್ಪ್ರಿಂಗನ್ನು ಒಂದು ಸುತ್ತು ಸಡಿಲ ಮಾಡಿದೆ. ಕಚ್ಚುವಾಗ ಮೊದಲಿನಷ್ಟು ಒರಟಾಗಿ ಕಚ್ಚುವುದಿಲ್ಲ. ಒಡೆದ ಅಂಚು ಸೂಜಿಗೆ ಸಿಗಬಾರದು, ತೋಳನ್ನು ಕೈಯಲ್ಲೇ ಎತ್ತಿ ಒಳಗಿನ ಗೆರೆಗೆ ಇಳಿಸಬೇಕು. ಉಸಿರು ಹಿಡಿದರೆ ಸಾಧ್ಯ.

ಅಜ್ಜಿ, ಮಾವ, ಅಂಜಲಿ. ಅವರ ಮುಂದೆ ಸೂಜಿ ಇಳಿಸಿದೆ.

‘...ಕಾಣವಲ್ಲದು.’ ಹಾಡಿನ ಬಾಲ ಅಷ್ಟೇ ಉಳಿದಿದೆ. ಗರಗರ. ನಗು ತಡೆದುಕೊಂಡ ಆ ದನಿ. ಹೆಸರು. ಕೇರಿ. ಟಕ್.

ಮಾವ ಅಳುತ್ತಿದ್ದ. “ಅವತ್ತು ಇದನ್ನೇ ಕೇಳಿದ್ದು. ‘ಇದು ನಮ್ಮವ್ವನ ಅವ್ವ’ ಅಂತ ಜನರ ಮುಂದ ಒದರಿಬಿಟ್ಟೆ. ತಡಕೊಳ್ಳಾಕ ಆಗಲಿಲ್ಲ. ನಿನಗ ಹೇಳಿದ್ರ ನೀ ಕೊಡ್ಲಿ ತಗೊಂಡು ಹೋಗ್ತಿದ್ದಿ.”

ಅಜ್ಜಿ ಮಾತ್ರ ಅಳಲಿಲ್ಲ. ಹಾರ್ನಿನ ಬಾಯಿಗೆ ಕಿವಿ ಇಟ್ಟೇ ಕೂತಿದ್ದಳು.

“ಹಾಡೆಲ್ಲೈತಿ?” ಅಂದಳು.

“ಒಡೀತಜ್ಜಿ. ನಾನು ಅವನ್ನ ಬಡಿಯೋದ್ರಾಗ ಒಡೀತು.”

ಅವಳು ನನ್ನ ಮುಖ ನೋಡಿದಳು. ಆ ನೋಟಕ್ಕಿಂತ ಮಾವನ ಏಟು ಹಗುರವಿತ್ತು. ಆಮೇಲೆ ಮತ್ತೆ ಹಾರ್ನಿನ ಕಡೆ ತಿರುಗಿದಳು.

“ನಗಾಕತ್ತಾಳ ನೋಡು. ನಮ್ಮವ್ವ ನಗ್ತಿದ್ಲು ಅನ್ನೋದು ನನಗ ಗೊತ್ತೇ ಇರಲಿಲ್ಲ.” “ಮತ್ತೊಮ್ಮೆ ಹಚ್ಚು,” ಅಂದಳು.

ಹಚ್ಚಿದೆ. ಎಷ್ಟು ಸಲವೋ. ಪ್ರತಿ ಸಲವೂ ಯಂತ್ರ ಹೆಸರು ಹೇಳಿಸಿ ತಾನೇ ನಿಂತಿತು.

ಮಾವ ಕಣ್ಣೊರೆಸಿಕೊಂಡು ಅಂಜಲಿಯನ್ನು ಕೇಳಿದ: “ಎಡಗೈಲೆ ಸಹಿ ಮಾಡಿದ್ರ ನಡೀತೈತೇನವ್ವಾ?”

“ನಡೀತೈತಿ ಕಾಕಾ. ಆದ್ರ ಹುಲುಗೇಶನ ಮ್ಯಾಲೂ ಅವರು ಕೇಸ್ ಹಾಕ್ತಾರ.”

“ಹಾಕಲಿ,” ಅಂದೆ. “ನಾ ಹೊಡದೀನಿ. ನನ್ನ ಹೆಸರೂ ಬರಿ.”

ಅಂಜಲಿ ಪೆನ್ನು ಹಿಡಿದು ನನ್ನನ್ನೇ ನೋಡಿದಳು. “ಏನಾತೋ ನಿನಗ?”

ಏನಾಗಿದೆ? ಏನೂ ಆಗಿಲ್ಲ. ಆದದ್ದನ್ನು ಹೇಳಿದೆ ಅಷ್ಟೆ.

ಜನವರಿ 24, ಶುಕ್ರವಾರ

ಮಾವ ಬೆಳಿಗ್ಗೆ ಠಾಣೆಯಲ್ಲಿ ಎಡಗೈಯಿಂದ ಸಹಿ ಮಾಡಿದ. ಅಕ್ಷರಗಳು ಕುಡಿದವರ ಹಾಗೆ ವಾಲಿದ್ದವು. ಎರಡು ಸಲ ಓದಿ ನೋಡಿದ.

ಮಧ್ಯಾಹ್ನ ಜಂಬುನಾಥ ಮನೆಗೆ ಬಂದ. ಈ ಸಲ ಬಾಳೆಗೊನೆ ಇಲ್ಲ.

“ನನ್ನ ಮಗನ ಮಣಿಕಟ್ಟು ಸುಲದೀಯಲ್ಲೋ. ನಿನ್ನನ್ನ ಒಳಗ ಹಾಕಸ್ತೀನಿ.”

“ಹಾಕಸ್ರಿ. ಹೇಳಿಕೆ ಕೊಟ್ಟು ಬಂದೀನಿ.”

ಅವನು ಕೂತ. ಮುದುಕನಾಗಿ ಕಂಡ. “ಆ ಮೊಳಿ ನಮ್ಮಪ್ಪ ಹೊಡಿಸಿದ್ದು. ನಮ್ಮ ತಾತ ಆಕೀನ ರೈಲಿನಾಗ ಕರಕೊಂಡು ಹೋಗಿ ಹಾಡಿಸಿದ್ದ. ಊರು ಏನೇನೋ ಅಂತು. ಮೊಳಿ ಹೊಡದ ಮ್ಯಾಲ ಬಾಯಿ ಮುಚ್ಚಿತು.” ಸೆಟೆದು ಎದ್ದ. “ನಾಳೆ ಪಾರ್ಟಿ ಬರ್ತೈತಿ. ಒಡದು ಉಳದಷ್ಟನ್ನೇ ಕೇಳಿಸ್ತೀನಿ, ಮೊಳಿ ಹಾಕಿ ಕೊಡು. ಪೆಟಿಗೀನೂ ನಂದು, ಪ್ಲೇಟೂ ನಂದು.”

ನನ್ನ ಕೈ ಹ್ಯಾಂಡಲಿನ ಮೇಲಿತ್ತು. ಹೌದು, ಎತ್ತಬೇಕೆನ್ನಿಸಿತು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದಳು.

“ನಿಮ್ಮದು ನೀವು ತಗೊಂಡು ಹೋಗ್ರಿ ಸಾಹುಕಾರ್ರ. ಯಾರು ಬ್ಯಾಡ ಅಂದ್ರು? ಆದ್ರ ಇಲ್ಲಿ ಕೊಡಂಗಿಲ್ಲ. ಆಕಿ ತನ್ನ ಊರು ಹೇಳ್ಯಾಳ, ಕೇರಿ ಹೇಳ್ಯಾಳ. ಅಲ್ಲಿಗೇ ಬರ್ರಿ. ಕೇರಿ ಮಂದಿ ಎಲ್ಲಾ ಕುಂತಿರ್ತಾರ. ಕಡೀತನಕ ಕೇಳ್ರಿ, ಆಮ್ಯಾಲ ಒಯ್ರಿ.”

“ನಾನು ಆ ಕೇರಿಗೆ ಬರಬೇಕಾ?”

“ಮಗನ್ನೂ ಕರಕೊಂಡು ಬರ್ರಿ. ಕೀ ಕೊಡಾಕ ಒಂದು ಗಟ್ಟಿ ಕೈ ಬೇಕು. ನನ್ನ ಮಗಂದು ಮುರದೈತಿ.”

ಜಂಬುನಾಥ ನನ್ನ ಕಡೆ ನೋಡಿದ, ನಾನು ಏನಾದರೂ ಅಡ್ಡ ಮಾತಾಡುತ್ತೇನೆಂದು ಕಾಯುವವನಂತೆ. ನಾನು ಹ್ಯಾಂಡಲನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟೆ. ಪಂಪಾಪತಿಯೇ ಕೀ ಕೊಡಲಿ, ಇಲ್ಲವಾದರೆ ನಾನು ಕೊಡುತ್ತೇನೆ.

“ಯಾವಾಗ?” ಎಂದು ಕೊನೆಗೆ ಕೇಳಿದ.

ಅಜ್ಜಿ ನನಗೆ ಬರೆದುಕೋ ಅಂದಳು. ಬರೆದುಕೊಂಡಿದ್ದೇನೆ: ಕಂಪ್ಲಿ, ಹೊಳೀ ಕೇರಿ. ಜನವರಿ 26, ಭಾನುವಾರ, ಧ್ವಜ ಹಾರಿಸಿದ ಮೇಲೆ, ಬೆಳಿಗ್ಗೆ ಹತ್ತೂವರೆಗೆ.